ಸ್ವಲ್ಪ ಬಿಸಿಲು ಅಂದರೆ ಎಷ್ಟು?

"ಸ್ವಲ್ಪ ಅನ್ನೋದೂ ಒಂದು ಅಳತೆಯೇನೇ? ನೋಡ್ತಾ ಇರು, ಈ ಭಾನುವಾರದೊಳಗೆ ಸೂರ್ಯನನ್ನೇ ಅಳೆದು ನಿನ್ನ ಕೈಗಿಡ್ತೀನಿ!"

ಹೀಗೆ ಹೆಂಡತಿಯೆದುರು ಘರ್ಜಿಸಿ ಫೋಟೋ ಸ್ಟುಡಿಯೋ ಯಜಮಾನರು ಊಟದ ಮೇಜನ್ನು ಗುದ್ದಿದರು. ನೀರಿನ ಲೋಟ ಉರುಳಿ ಪೈಜಾಮ ಒದ್ದೆಯಾಯಿತು. ಮಹಾಪುರುಷರು ಇಂಥದ್ದನ್ನೆಲ್ಲ ಲೆಕ್ಕಿಸುವುದಿಲ್ಲ. ಬಟ್ಟೆ ಒಗೆಯುವವರು ಲೆಕ್ಕಿಸುತ್ತಾರೆ.

ಈ ಭೀಷಣ ಪ್ರತಿಜ್ಞೆಗೆ ಕಾರಣ ಇಬ್ಬರು ಡಾಕ್ಟರು. ಜೀವಮಾನವಿಡೀ ಡಾರ್ಕ್‌ರೂಮಿನ ಕತ್ತಲಲ್ಲಿ ಫೋಟೋ ತೊಳೆದ ಯಜಮಾನರ ಮಂಡಿ ಇತ್ತೀಚೆಗೆ ಎದ್ದರೂ ಕೂತರೂ ಕಟಕಟ ಎನ್ನುತ್ತಿತ್ತು. ರಕ್ತಪರೀಕ್ಷೆ ನೋಡಿದ ಮೂಳೆ ಡಾಕ್ಟರು, "ವಿಟಮಿನ್ ಡಿ ತೀರಾ ಕಡಿಮೆ. ಈ ಮಾತ್ರೆ ತಗೊಳ್ಳಿ, ಸ್ವಲ್ಪ ಬಿಸಿಲಿಗೂ ಹೋಗಿ," ಎಂದರು. ಅದೇ ವಾರ ಕೆನ್ನೆಯ ಮಚ್ಚೆ ತೋರಿಸಲು ಹೋದರೆ ಚರ್ಮದ ಡಾಕ್ಟರು, "ಮಚ್ಚೆ ಏನೂ ಅಲ್ಲ ಬಿಡಿ. ಆದ್ರೆ ಬಿಸಿಲು ಜಾಸ್ತಿ ಬೇಡ, ಚರ್ಮಕ್ಕೆ ಅಪಾಯ," ಎಂದರು.

"ಸ್ವಲ್ಪ ಎಲ್ಲಿಗೆ ಮುಗಿಯುತ್ತೆ, ಜಾಸ್ತಿ ಎಲ್ಲಿಂದ ಶುರುವಾಗುತ್ತೆ ಡಾಕ್ಟ್ರೇ?"

ಇಬ್ಬರೂ ನಕ್ಕು ಮುಂದಿನ ರೋಗಿಯನ್ನು ಕರೆದರು.

ಯಜಮಾನರ ತಲೆ ಕೆಟ್ಟು ಮೊಸರುಗಡಿಗೆಯಾಯಿತು! ಬೆಳಗ್ಗೆ ಮಂಡಿಯ ಹಿತಕ್ಕಾಗಿ ಬೀದಿಗಿಳಿದರು. ಚರ್ಮದ ಹಿತಕ್ಕಾಗಿ ಛತ್ರಿ ಬಿಚ್ಚಿದರು. ಮಂಡಿ ನೆನಪಾಗಿ ಮುಚ್ಚಿದರು. ಮಚ್ಚೆ ನೆನಪಾಗಿ ಮತ್ತೆ ಬಿಚ್ಚಿದರು. ಇವರು ಫೋಟೋ ಬಿಟ್ಟು ಛತ್ರಿ ರಿಪೇರಿಗೆ ಇಳಿದಿದ್ದಾರೆಂದು ತಿಳಿದ ಪಕ್ಕದ ಮನೆಯ ಅಜ್ಜಿ ತನ್ನದೊಂದು ಮುರಿದ ಛತ್ರಿಯನ್ನೂ ತಂದುಕೊಟ್ಟಳು.

"ನಾನು ಅಡುಗೆಗೆ ಸ್ವಲ್ಪ ಉಪ್ಪು ಹಾಕಲ್ವೇನ್ರೀ? ಅಳೆದಾ ಹಾಕ್ತೀನಿ?" ಎಂದಳು ಹೆಂಡತಿ.

"ಅದಕ್ಕೇ ನಿನ್ನ ಅಡುಗೆ..." ಎಂದು ಶುರುವಾದ ಮಾತನ್ನು ಯಜಮಾನರು ಸಮಯಪ್ರಜ್ಞೆಯಿಂದ ತುತ್ತಿನ ಜೊತೆ ನುಂಗಿಕೊಂಡರು.

"ನೀವು ಏನಾದ್ರೂ ಮಾಡ್ಕೊಳ್ಳಿ. ಭಾನುವಾರ ಮಾತ್ರ ಮನುಷ್ಯರ ಥರ ಇರಿ. ಈ ಸಲಾನೂ ಫೋಟೋ ತಪ್ಪಿತೋ, ಇನ್ನು ಯಾವತ್ತೂ ಬಾಯಿ ಬಿಟ್ಟು ಕೇಳಲ್ಲ," ಎಂದಳು ಆಕೆ. ದನಿಯಲ್ಲಿ ಜಗಳವಿರಲಿಲ್ಲ. ಅದೇ ಯಜಮಾನರಿಗೆ ಭಯ ಹುಟ್ಟಿಸಿದ್ದು.

ಭಾನುವಾರಕ್ಕೆ ಮದುವೆಯಾಗಿ ಇಪ್ಪತ್ತೈದು ವರ್ಷ. ಊರವರನ್ನೆಲ್ಲ ಚೌಕಟ್ಟಿಗೆ ಸೇರಿಸಿದ ಈ ಮನುಷ್ಯ ಹೆಂಡತಿಯ ಪಕ್ಕ ನಿಂತ ಒಂದೇ ಒಂದು ಫೋಟೋ ಮನೆಯಲ್ಲಿರಲಿಲ್ಲ. ಮದುವೆಯ ದಿನ "ಬೆಳಕು ಸರಿಯಿಲ್ಲ, ಕೊಡಯ್ಯಾ ಇಲ್ಲಿ!" ಎಂದು ಕ್ಯಾಮೆರಾ ಕಿತ್ತುಕೊಂಡಿದ್ದರಿಂದ ಇಡೀ ಆಲ್ಬಮ್ಮಿನಲ್ಲಿ ಮದುಮಗಳು ಒಬ್ಬಳೇ ಮದುವೆಯಾಗಿದ್ದಳು. ಆಮೇಲೆ ಟೈಮರ್ ಹಾಕಿ ಓಡಿ ಬಂದು ನಿಂತಾಗಲೆಲ್ಲ ಇವರ ಬೆನ್ನು ಮಾತ್ರ ಸಿಕ್ಕಿತ್ತು. ಹಾಗಾಗಿ ಬೀದಿಯ ಕೊನೆಯಲ್ಲಿದ್ದ ಹೊಸ ಸ್ಟುಡಿಯೋದವನಲ್ಲಿ, ಅಂದರೆ ಸಾಕ್ಷಾತ್ ಶತ್ರುವಿನಲ್ಲಿ, ಫೋಟೋ ತೆಗೆಸಿಕೊಳ್ಳಲು ಹೆಂಡತಿ ಹಟ ಹಿಡಿದು ಒಪ್ಪಿಸಿದ್ದಳು.

ಶನಿವಾರ ಬಟ್ಟೆಗೆ ಇಸ್ತ್ರಿ ಮಾಡಿಸಲು ಆಕೆ ಹೊರಟಿದ್ದೇ ತಡ, ಯಜಮಾನರಿಗೆ ಜ್ಞಾನೋದಯವಾಯಿತು. ಡಾರ್ಕ್‌ರೂಮಿನಲ್ಲಿ ಎಷ್ಟು ಬೆಳಕು ಬೇಕೆಂದು ಗೊತ್ತಾಗದಿದ್ದರೆ ಏನು ಮಾಡುತ್ತೇವೆ? ಟೆಸ್ಟ್ ಸ್ಟ್ರಿಪ್! ಪೇಪರಿನ ತುಂಡೊಂದಕ್ಕೆ ಬೆಳಕು ಬಿಟ್ಟು, ರಟ್ಟನ್ನು ಇಷ್ಟಿಷ್ಟೇ ಸರಿಸುತ್ತ ಮುಚ್ಚುತ್ತೇವೆ. ಬೇಗ ಮುಚ್ಚಿದ ಪಟ್ಟಿ ಬಿಳಿ, ತಡವಾಗಿ ಮುಚ್ಚಿದ್ದು ಕಪ್ಪು, ನಡುವೆ ಎಲ್ಲೋ ಒಂದು ಸರಿಯಾದ ಪಟ್ಟಿ. ಚರ್ಮಕ್ಕೂ ಅದೇ ಶಾಸ್ತ್ರ! ಇನ್ನು ಪೇಪರು? ಅದು ತಲೆಯ ಮೇಲೇ ಇತ್ತು. ಎಷ್ಟೋ ವರ್ಷಗಳಿಂದ ಖಾಲಿ, ನುಣುಪು, ಒಳ್ಳೇ ಗ್ಲಾಸಿ ಪೇಪರು!

ನಡು ಮಧ್ಯಾಹ್ನ ತಾರಸಿಯಲ್ಲಿ ಕುರ್ಚಿ ಹಾಕಿದರು. ಪಕ್ಕದಲ್ಲಿ ರೇಡಿಯೋ, ಕೈಯಲ್ಲಿ ಫೋಟೋ ಪೇಪರಿಗೆ ಸುತ್ತಿ ಬರುವ ಕಪ್ಪು ಹಾಳೆ. ಒಂದು ಹಾಡು ಮುಗಿದರೆ ಬಲಗಿವಿಯಿಂದ ಎಡಗಿವಿಯ ಕಡೆಗೆ ಒಂದು ಪಟ್ಟಿ ಮುಚ್ಚುವುದು. ಹಾಡು ಮುಗಿಯಿತು, ಮುಚ್ಚಿದರು. ಮುಗಿಯಿತು, ಮುಚ್ಚಿದರು. ಕೊನೆಗೆ ಎದ್ದು ಹೋಗಿ ಕನ್ನಡಿ ನೋಡಿದರೆ ತಲೆ ಮೊದಲಿನಂತೆಯೇ ಪಳಪಳ! ಒಂದು ಗೆರೆಯೂ ಇಲ್ಲ!

"ಥೂ! ಬೆಳಕು ಸಾಲದು," ಎಂದು ಸೂರ್ಯನಿಗೆ ಛೀಮಾರಿ ಹಾಕಿ ಮತ್ತೆ ಕುರ್ಚಿಗೇರಿದರು. ಈ ಸಲ ಹಾಳೆ ಹಣೆಯಿಂದ ಹಿಂದಕ್ಕೆ. ಎರಡು ಹಾಡಿನವರೆಗೆ ಎಲ್ಲ ಸುಸೂತ್ರ. ಆಮೇಲೆ ರೇಡಿಯೋದಲ್ಲಿ ಯಾರೋ ಪಂಡಿತರು ಕಾಲದ ಸದುಪಯೋಗದ ಬಗ್ಗೆ ಭಾಷಣಕ್ಕೆ ನಿಂತರು. ಹಾಡು ಬರಲಿ ಎಂದು ಕಾದ ಯಜಮಾನರು ಕೂತಲ್ಲೇ ಗೊರಕೆ ಹೊಡೆದರು. ಪಂಡಿತರೂ ನಿಲ್ಲಿಸಲಿಲ್ಲ, ಸೂರ್ಯನೂ ನಿಲ್ಲಿಸಲಿಲ್ಲ.

ಭಾನುವಾರ ಬೆಳಗ್ಗೆ ಮನೆಯಲ್ಲಿ ಕಿಟಾರನೆ ಕಿರುಚಿದ್ದು ಹೆಂಡತಿ.

"ರೀ! ಏನ್ರೀ ಇದು ತಲೆ ಮೇಲೆ? ಚದುರಂಗದ ಮಣೆ!"

ಉದ್ದಕ್ಕೂ ಅಡ್ಡಕ್ಕೂ ಪಟ್ಟಿಗಳು! ತಿಳಿ ಗುಲಾಬಿ, ಕಡು ಗುಲಾಬಿ, ಕೆಂಪು, ಹಿಂಬದಿಯ ಎಡಮೂಲೆಯಲ್ಲಂತೂ ಬೆಂದ ಇಟ್ಟಿಗೆ. ಮುಟ್ಟಿದರೆ ಚುರುಚುರು! ಚರ್ಮದ ಡಾಕ್ಟರಿಗೆ ಫೋನು ಹೋಯಿತು. "ತಣ್ಣೀರು ಬಟ್ಟೆ ಹಾಕಿ, ನಾಳೆ ಬನ್ನಿ," ಎಂದರು ಅವರು. "ನಾನು ಹೇಳಿದ್ದು ಎಳೇ ಬಿಸಿಲಲ್ಲಿ ಕೈಕಾಲಿಗೆ ಒಂದಿಷ್ಟು ಕಾಣಿಸಿ, ಕೆಂಪಾಗೋಕೆ ಮುಂಚೆ ಒಳಗೆ ಬನ್ನಿ ಅಂತ. ತಲೆ ಹುರ್ಕೊಳ್ಳಿ ಅಂತಲ್ಲ!" ಅವರು ಅದನ್ನು ಹೇಳಿಯೇ ಇರಲಿಲ್ಲ. ಆದರೆ ವಾದ ಮಾಡುವ ಸ್ಥಿತಿಯಲ್ಲಿ ಯಜಮಾನರ ತಲೆ ಇರಲಿಲ್ಲ.

"ಫೋಟೋ ಮುಂದಿನ ವಾರ..." ಎಂದರು ಮೆಲ್ಲಗೆ.

ಹೆಂಡತಿ ಇಸ್ತ್ರಿಯಾದ ಸೀರೆಯನ್ನು ಮಡಿಸಿ ಬೀರುವಿನೊಳಗೆ ಇಡತೊಡಗಿದಳು. ಯಜಮಾನರು ಓಡಿ ಹೋಗಿ ಬೀರುವಿನ ಬಾಗಿಲಿಗೆ ಅಡ್ಡ ನಿಂತರು. "ಉಟ್ಕೊಳ್ಳೇ. ಹೋಗೋಣ. ಟೋಪಿ ಹಾಕ್ಕೋತೀನಿ."

ಶತ್ರುವಿನ ಸ್ಟುಡಿಯೋದಲ್ಲಿ ಇಬ್ಬರೂ ಬೆಂಚಿನ ಮೇಲೆ ಕೂತರು. ಹೆಂಡತಿಯ ಮುಖ ಇನ್ನೂ ಬಿಗಿ. ಶತ್ರು ಕ್ಯಾಮೆರಾದಲ್ಲಿ ಕಣ್ಣಿಟ್ಟು, "ಸಾರ್, ಟೋಪಿ ತೆಗೀರಿ, ಮುಖದ ಮೇಲೆ ನೆರಳು ಬೀಳ್ತಿದೆ," ಎಂದ. ಗಿರಾಕಿಗಳಿಗೆ ತಾವೇ ಸಾವಿರ ಸಲ ಹೇಳಿದ ಮಾತು! ಯಜಮಾನರು ಉಸಿರು ಬಿಗಿಹಿಡಿದು ಟೋಪಿ ತೆಗೆದರು.

ಶತ್ರು ಮೆಲ್ಲಗೆ ತಲೆಯೆತ್ತಿದ. ಕಣ್ಣು ಕಿರಿದು ಮಾಡಿ ನೋಡಿದ. ಅವನೂ ಅದೇ ಕಸುಬಿನವನು ನೋಡಿ.

"ಸಾರ್... ಟೆಸ್ಟ್ ಸ್ಟ್ರಿಪ್ಪಾ?"

"ಹೂಂ."

"ಎರಡು ಸಲ ಯಾಕೆ ಸಾರ್?"

"ಮೊದಲನೇ ಸಲ ಏನೂ ಕಾಣಿಸಲಿಲ್ಲಪ್ಪಾ."

"ಡೆವಲಪ್ ಆಗೋಕೆ ಮುಂಚೆ ಹೇಗೆ ಕಾಣಿಸುತ್ತೆ ಸಾರ್!"

ಯಜಮಾನರ ಮುಖ ತಲೆಯ ಬಣ್ಣಕ್ಕೆ ತಿರುಗಿತು. ಜೀವಮಾನವಿಡೀ ಬೆಳಕು ಬಿದ್ದ ಬಿಳಿ ಪೇಪರನ್ನು ಡೆವಲಪರಿನಲ್ಲಿ ಅದ್ದಿ ಚಿತ್ರ ಮೂಡಲಿ ಎಂದು ಕಾದ ಮನುಷ್ಯ, ತನ್ನ ತಲೆಗೆ ಒಂದು ರಾತ್ರಿ ಪುರುಸೊತ್ತು ಕೊಟ್ಟಿರಲಿಲ್ಲ! ನಾಚಿಕೆಯಿಂದ ತಲೆ ತಗ್ಗಿಸಿದರು. ಇಡೀ ಚದುರಂಗ ಕ್ಯಾಮೆರಾಕ್ಕೆ ಎದುರಾಯಿತು. ಬೆಳಗ್ಗಿನಿಂದ ಬಿಗಿದುಕೊಂಡಿದ್ದ ಹೆಂಡತಿಗೆ ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕು ಗಂಡನ ಭುಜಕ್ಕೆ ಒರಗಿದಳು. ಕ್ಲಿಕ್!

ಆ ಫೋಟೋವನ್ನು ಆಕೆ ಬೇರೆಲ್ಲೂ ಅಲ್ಲ, ಯಜಮಾನರದೇ ಸ್ಟುಡಿಯೋದ ಗಾಜಿನ ಶೋಕೇಸಿನಲ್ಲಿ ತೂಗುಹಾಕಿದಳು. ಭೂತಗನ್ನಡಿ ಹಿಡಿದು ಹುಡುಕಿದರೂ ಯಜಮಾನರಿಗೆ ಅದರಲ್ಲಿ ಒಂದು ತಪ್ಪೂ ಸಿಗಲಿಲ್ಲ. ಬೆಳಗ್ಗೆ ಬಾಗಿಲು ತೆಗೆದರೆ ಸಾಕು, ಬಂದವರದ್ದು ಒಂದೇ ಮಾತು: "ಆಹಾ, ಎಂಥಾ ಫೋಟೋ! ಇದನ್ನ ತೆಗೆದವರು ಯಾರು? ನಮಗೂ ಅವರ ಕೈಯಲ್ಲೇ ಬೇಕು."

ಕೆಲವು ತಿಂಗಳಾದ ಮೇಲೆ ಮೂಳೆ ಡಾಕ್ಟರು ಹೊಸ ರಕ್ತಪರೀಕ್ಷೆ ನೋಡಿ ಹುಬ್ಬೇರಿಸಿದರು. "ಭೇಷ್! ಎಲ್ಲ ಸರಿಹೋಗಿದೆ. ಚರ್ಮವೂ ಸುಟ್ಟಿಲ್ಲ. ದಿನಾ ಎಷ್ಟು ಬಿಸಿಲು ತಗೋತಿದ್ರಿ ಸಾರ್?"

ಯಜಮಾನರು ಗೋಡೆ ನೋಡಿದರು. ಉತ್ತರ ಕೊಟ್ಟಿದ್ದು ಹೆಂಡತಿ.

"ಸ್ವಲ್ಪ ಡಾಕ್ಟ್ರೇ. ಬೆಳಗ್ಗೆ ಬಂದ ಗಿರಾಕಿಗಳನ್ನ ಕರ್ಕೊಂಡು ಹೋಗಿ ಬೀದಿ ಕೊನೇ ಸ್ಟುಡಿಯೋಗೆ ಬಿಟ್ಟು ಬರೋವಷ್ಟು!"