ಹೆಣ್ಣೊಪ್ಪಿಸಲು ಒಂದು ಸ್ಪ್ಯಾನಿಷ್ ಹಾಡು

ನಮ್ಮ ಅಕ್ಕನಿಗೆ ಸ್ಪ್ಯಾನಿಷ್ ಬರುತ್ತದೆಂದು ನಮ್ಮ ಇಡೀ ಕ್ಯಾಂಟನ್ ಊರಿನಲ್ಲಿ ನಂಬಿದ್ದವರು ಒಬ್ಬರೇ ಒಬ್ಬರು. ಅದು ನಮ್ಮ ಅಕ್ಕ!

ಗುರು ಯಾರು ಎನ್ನುತ್ತೀರಾ? ಒಂದು ಪಾಪ್ ಆಲ್ಬಂ! ಅಕ್ಕನ ಮೊಮ್ಮಗಳು ಹಳೆಯ ಕಾರಿನಲ್ಲಿ ಬಿಟ್ಟುಹೋದ ಸಿ.ಡಿ. ಹಾಡುವವಳು ಯಾರೋ ಚೆಲುವೆ; ಕವರಿನ ಮೇಲೆ ಅವಳ ಮೈಮೇಲಿನ ಬಟ್ಟೆಗಿಂತ ತಲೆಗೂದಲೇ ಹೆಚ್ಚು. ಪ್ರತಿ ಹಾಡೂ ಎರಡು ಸಲ: ಮೊದಲು ಇಂಗ್ಲಿಷ್‌ನಲ್ಲಿ, ಆಮೇಲೆ ಅದೇ ಧಾಟಿಯಲ್ಲಿ ಸ್ಪ್ಯಾನಿಷ್‌ನಲ್ಲಿ.

"ಎಷ್ಟು ಮೆಥಾಡಿಕಲ್ ಆಗಿದಾಳೆ ನೋಡೇ! ನಮ್ಮ ಕಾನ್ವೆಂಟ್ ಸಿಸ್ಟರ್ಸ್ ಕೂಡ ಹೀಗೆ ಸಾಲಿಗೆ ಸಾಲು ಅರ್ಥ ಹೇಳಿಕೊಡಲಿಲ್ಲ" ಎನ್ನುತ್ತಿದ್ದಳು ಅಕ್ಕ.

ಈ ವಯಸ್ಸಿನಲ್ಲಿ ಇದೇಕೆ? ಮೊಮ್ಮಗಳಿಗೆ ಶಿಕಾಗೋದ ಮೆಕ್ಸಿಕನ್ ಹುಡುಗನೊಂದಿಗೆ ಮದುವೆ ಗೊತ್ತಾಗಿತ್ತು. ತಾಯಿಯಿಲ್ಲದ ಆ ಮಗುವನ್ನು ಸಾಕಿದವಳು ಅಕ್ಕ. ಹುಡುಗನ ಮನೆಗೆ ಹಿರಿಯರೆಂದರೆ ಅವನ ಅಜ್ಜಿ. ಆಕೆಗೆ ಇಂಗ್ಲಿಷ್ ಬಾರದು. ಹುಡುಗಿಯ ಕೈಯನ್ನು ಹಾಲಿನಲ್ಲಿ ಅದ್ದಿ ಅವರ ಕೈಗಿಟ್ಟು, "ಜೋಪಾನ" ಎಂದು ಹಾಡಿ ಒಪ್ಪಿಸಬೇಕಲ್ಲ, ಯಾವ ಭಾಷೆಯಲ್ಲಿ ಹಾಡುವುದು?

"ಅಜ್ಜೀ, ದೇರ್ ಈಸ್ ಆನ್ ಆ್ಯಪ್" ಎಂದಳು ಮೊಮ್ಮಗಳು.

"ಸಾಕಿದ್ದು ನಾನು, ಒಪ್ಪಿಸೋದು ಫೋನಾ?"

ಅಂದಿನಿಂದ ಕಾರೇ ಕ್ಲಾಸ್‌ರೂಮ್. ಪಕ್ಕದ ಸೀಟಿನಲ್ಲಿ ಕೂತ ಪಾಪಿ ನಾನು. "ಶ್! ಈಗ ಸ್ಪ್ಯಾನಿಷ್ ಬರುತ್ತೆ, ರಿಪೀಟ್ ಮಾಡು!" ಎನ್ನುವಷ್ಟರಲ್ಲಿ ನಾವು ಇಳಿಯಬೇಕಾದ ಹೈವೇ ಎಕ್ಸಿಟ್ ಹಿಂದೆ ಹೋಗಿರುತ್ತಿತ್ತು. ಡೆಂಟಿಸ್ಟ್ ಹತ್ತಿರ ಹೊರಟು ಪಕ್ಕದೂರು ಆ್ಯನ್ ಆರ್ಬರ್ ಸೇರಿದ್ದೂ ಉಂಟು!

ಒಮ್ಮೆ ಲಾನ್ ಕತ್ತರಿಸಲು ಬಂದ ಮೆಕ್ಸಿಕನ್ ಯುವಕನಿಗೆ, "ಬಾಪ್ಪಾ, ನೆರಳಲ್ಲಿ ಕೂತ್ಕೋ" ಎನ್ನುತ್ತಿದ್ದೇನೆಂದುಕೊಂಡು ಮೊದಲ ಹಾಡಿನ ಸ್ಪ್ಯಾನಿಷ್ ಸಾಲೊಂದನ್ನು ಹೇಳಿದಳು. ಅವನು ಕೆಂಪಗಾಗಿ ಟೋಪಿ ತೆಗೆದ. "ಮ್ಯಾಮ್, ಐ ಆ್ಯಮ್ ಮ್ಯಾರೀಡ್."

"ಎಷ್ಟು ಮರ್ಯಾದಸ್ಥ ನೋಡು" ಎಂದಳು ಅಕ್ಕ ಒಳಗೆ ಬಂದು. "ಕೇಳದೇನೇ ಸಂಸಾರದ ವಿಷಯ ಹೇಳ್ದ!"

ಶಿಕಾಗೋ ಹತ್ತಿರದ ಇಟಾಸ್ಕಾದ ಹೋಟೆಲಿನಲ್ಲಿ ಮದುವೆ. ಹೆಣ್ಣೊಪ್ಪಿಸುವ ಹೊತ್ತು ಬಂತು. ಅಕ್ಕ ಆರಿಸಿಟ್ಟಿದ್ದ ಹಾಡಿನ ಇಂಗ್ಲಿಷ್ ಪಾಠದಲ್ಲಿ, ನನ್ನ ಹೃದಯವನ್ನು ನಿನ್ನ ಕೈಲಿಟ್ಟಿದ್ದೇನೆ, ಜೋಪಾನ ಎಂದಿತ್ತು. ಇದಕ್ಕಿಂತ ಬೇಕೆ? ಹಾಲಿನಲ್ಲಿ ನೆನೆದ ಕೈ ಹಿಡಿದು, ಕಣ್ಣು ಮುಚ್ಚಿ, ಸ್ಪ್ಯಾನಿಷ್‌ನಲ್ಲಿ ಶುರುಮಾಡಿದಳು.

ಗಂಡಿನ ಕಡೆಯವರು ಮೊದಲು ದಂಗಾದರು. ಆಮೇಲೆ ಹುಡುಗರೆಲ್ಲ ಟೇಬಲ್ ಬಡಿದು ದನಿಗೂಡಿಸಿದರು! ಆ ಅಜ್ಜಿಯಂತೂ ನಕ್ಕು ನಕ್ಕು ಕಣ್ಣೊರೆಸಿಕೊಂಡರು.

"ಅಜ್ಜೀ, ಸ್ಟಾಪ್!" ಮೊಮ್ಮಗಳು ಪಿಸುಗುಟ್ಟಿದಳು. "ಟ್ಯೂನ್ ಈಸ್ ಸೇಮ್, ವರ್ಡ್ಸ್ ಆರ್ ಟೋಟಲಿ ಡಿಫರೆಂಟ್!"

ಸ್ಪ್ಯಾನಿಷ್‌ನಲ್ಲಿದ್ದದ್ದು ಅನುವಾದವೇ ಅಲ್ಲ! ಬೀಗ ಬದಲಾಯಿಸಿದ್ದೇನೆ, ನಿನ್ನ ಬೂಟು ಎತ್ತಿಕೊಂಡು ತೊಲಗು ಎಂದು ಆ ಚೆಲುವೆ ಯಾರನ್ನೋ ಮನೆಯಿಂದ ಅಟ್ಟುತ್ತಿದ್ದಳು.

ಅಕ್ಕ ಹಾಡು ನಿಲ್ಲಿಸಿದಳು. ಹುಡುಗಿಯ ಕೈಯನ್ನು ಮಾತ್ರ ಬಿಡಲಿಲ್ಲ. ಆ ಅಜ್ಜಿ ನಗು ನಿಲ್ಲಿಸಿ, ಎದ್ದು ಬಂದು, ಇಬ್ಬರ ಕೈಗಳ ಕೆಳಗೆ ತಮ್ಮ ಅಂಗೈ ಹಿಡಿದು ಕಾದರು. ಎಳೆದುಕೊಳ್ಳಲಿಲ್ಲ.

"ಬೆಳಗ್ಗೆ ತಿಂಡಿ ತಿನ್ನಲ್ಲ ಕಣ್ರೀ ಇವಳು" ಎಂದಳು ಅಕ್ಕ, ಕನ್ನಡದಲ್ಲೇ. "ಗದರಿಸಿದ್ರೆ ಅಳ್ತಾಳೆ. ಸ್ವಲ್ಪ ನೋಡ್ಕೊಳ್ಳಿ."

ಆಕೆ ಸ್ಪ್ಯಾನಿಷ್‌ನಲ್ಲಿ ಏನೋ ಉದ್ದಕ್ಕೆ ಹೇಳಿದರು. ಯಾರೂ ಅನುವಾದಿಸಲಿಲ್ಲ. ಅಕ್ಕ ತಲೆಯಾಡಿಸಿ, ಮೆಲ್ಲಗೆ ಕೈ ಬಿಟ್ಟಳು.