ಈಶಪ್ಪ ಬೀಗಿತಿಗೆ ಕಾರವಾರ ತೋರಿಸಿದ್ದು

ಬೀಗಿತಿಗೆ ಕಾರವಾರವನ್ನು ತಾನೇ ತೋರಿಸಬೇಕು, ಅದೂ ಇತಿಹಾಸಸಮೇತ ತೋರಿಸಬೇಕು ಎಂದು ಹಳಿಯಾಳದ ಈಶಪ್ಪ ಪಣ ತೊಟ್ಟುಬಿಟ್ಟ. ಬೀಗಿತಿ ಎಂದರೆ ಇನ್ನೂ ಪೂರ್ತಿ ಬೀಗಿತಿಯಲ್ಲ. ಈಶಪ್ಪನ ಮಗಳು ದಾನೇಶ್ವರಿ ಮತ್ತು ಚಿಗಳ್ಳಿಯ ಕಿರಣಕುಮಾರ ಒಬ್ಬರನ್ನೊಬ್ಬರು ಒಪ್ಪಿ ಮೂರು ತಿಂಗಳಾಗಿತ್ತು. ಹುಡುಗನ ತಾಯಿ ನೀಲಕ್ಕ ಮಾತ್ರ "ನೋಡೂಣು ತಡೀರಿ" ಎನ್ನುವುದರಿಂದ ಮುಂದೆ ಹೋಗಿರಲಿಲ್ಲ. ದಾನೇಶ್ವರಿ ಅನ್ನ ನೀರು ಬಿಟ್ಟು ಸೊರಗಿದ್ದಳು.

"ಆಕಿಗೆ ಸಮುದ್ರ ತೋರಿಸ್ತೇನಿ. ನನ್ನ ತಿಳುವಳಿಕಿ ನೋಡಿ ಅಲ್ಲೇ ಹೂಂ ಅಂತಾಳ," ಎಂದ ಈಶಪ್ಪ.

"ನೀವರ ಯಾವಾಗ ನೋಡೀರಿ ಸಮುದ್ರ?" ಎಂದಳು ಹೆಂಡತಿ ಗುರುಸಿದ್ದವ್ವ.

"ಓದೇನಿ. ನೋಡೂದಕ್ಕಿಂತ ಓದೂದು ದೊಡ್ಡದು."

ಎರಡೂ ಮನೆಯವರನ್ನು ಕೂರಿಸಿಕೊಂಡು ಕಿರಣಕುಮಾರನೇ ಜೀಪು ಹೊಡೆದ. ದಾಂಡೇಲಿ ದಾಟುವ ಮೊದಲೇ ಈಶಪ್ಪನ ಉಪನ್ಯಾಸ ಶುರುವಾಯಿತು. ಈ ನಮ್ಮ ಕಾಳಿ ನದಿಯೇ ಹೋಗಿ ಕಾರವಾರದ ಕಡಲು ಸೇರುತ್ತದೆ, ಅಲ್ಲಿಗೆ ಇಂಗ್ಲಿಷರು ಮೆಣಸಿನ ಆಸೆಗೆ ಬಂದರು, ಸೋದೆಯ ಅರಸ ತಂದೆಯ ಹೆಸರಿನಲ್ಲಿ ಸದಾಶಿವಗಡದ ಕೋಟೆ ಕಟ್ಟಿಸಿದ, ದಂಡೆಯ ಮೇಲೆ ಯುದ್ಧದ ಹಡಗನ್ನೇ ತಂದು ನಿಲ್ಲಿಸಿದ್ದಾರೆ! ಜೋಯಿಡಾದ ತಿರುವುಗಳಲ್ಲಿ ನೀಲಕ್ಕ ಬಾಯಿಗೆ ಸೆರಗು ಒತ್ತಿಕೊಂಡು ಹೊರಗೆ ತಲೆ ಹಾಕಿದಳು. ಈಶಪ್ಪ ಇಂಗ್ಲಿಷರನ್ನು ಬಿಡಲಿಲ್ಲ. ಕೋಟೆ ಹತ್ತಿಸಿ, ಹಡಗು ಸುತ್ತಿಸಿ ಮುಗಿಸುವಷ್ಟರಲ್ಲಿ ಆಕೆಯ ತುಟಿ ಇನ್ನಷ್ಟು ಬಿಗಿದಿತ್ತು. ದಾನೇಶ್ವರಿ ಅದನ್ನು ನೋಡಿ ಕಣ್ಣು ಕೆಳಗೆ ಮಾಡಿದಳು.

ಊಟದ ಹೊತ್ತಾಯಿತು. ಗುರುಸಿದ್ದವ್ವ ರೊಟ್ಟಿ ಬುತ್ತಿಯ ಗಂಟು ಹೊತ್ತು ದಂಡೆಯ ಮೇಲಿನ ಗಾಳಿಮರಗಳ ನೆರಳಿಗೆ ಹೊರಟಳು.

"ಅಲ್ಲಿ ಉಸುಕು ಸಡಿಲ ಐತಿ, ಪಲ್ಯಾದಾಗ ಹಾರತೈತಿ. ಇಲ್ಲಿ ಬಾ. ಕಣ ಬಡದಂಗ ಹೆಂಗ ಗಟ್ಟಿ ಐತಿ ನೋಡು," ಎಂದು ಈಶಪ್ಪ ನೀರಂಚಿನ ಹಸಿ ಮರಳಿನ ಮೇಲೆಯೇ ಜಮಖಾನೆ ಹಾಸಿದ.

ಮೀನಿನ ಬುಟ್ಟಿ ಹೊತ್ತು ಹೋಗುತ್ತಿದ್ದ ಹೆಂಗಸೊಬ್ಬಳು ನಿಂತು, "ಭರತಿ ಬರೋ ಹೊತ್ತು. ನೀರು ಏರ್ತದೆ, ಮೇಲೆ ಕೂತ್ಕೊಳ್ಳಿ," ಎಂದಳು.

ಈಶಪ್ಪ ಕನಿಕರದಿಂದ ನಕ್ಕ. "ಐವತ್ತು ವರ್ಷ ಕೆರಿ ದಂಡಿಮ್ಯಾಗ ಬುತ್ತಿ ಬಿಚ್ಚಿ ಉಂಡೇನಿ ತಂಗಿ. ನಿಂತ ನೀರು ನಿಂತಲ್ಲೇ ಇರತೈತಿ."

ಬಾಯಿಮಾತು ಸಾಲದೆಂದು ಎಲ್ಲರ ಚಪ್ಪಲಿಗಳನ್ನೂ ನೀರಿನ ಗೆರೆಗೆ ಸಾಲಾಗಿ ಜೋಡಿಸಿದ. ಇದನ್ನು ದಾಟಿ ಒಂದು ಹನಿ ಬಂದರೆ ತನ್ನ ಹೆಸರು ಈಶಪ್ಪನೇ ಅಲ್ಲ ಎಂದ.

ಎರಡನೇ ರೊಟ್ಟಿಗೆ ಅವನ ಹೆಸರು ಹೋಯಿತು. ಮೊದಲ ತೆರೆ ಚಪ್ಪಲಿಗಳನ್ನೆಲ್ಲ ಬಳಿದುಕೊಂಡಿತು. ಈಶಪ್ಪ ಅವುಗಳ ಹಿಂದೆ ಓಡಿದ. ಎರಡನೆಯದು ಅವನನ್ನು ಕೆಡವಿ, ಅವನ ಮೇಲೆಯೇ ಹಾದು ಬಂದು ಜಮಖಾನೆ ಎತ್ತಿತು. ಹೋಳಿಗೆ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗುರುಸಿದ್ದವ್ವ ಎರಡು ದಿನ ಬಡಿದ ರೊಟ್ಟಿ, ಎಲ್ಲವೂ ಇಂಗ್ಲಿಷರು ಬಂದ ದಾರಿಯಲ್ಲೇ ಹೊರಟವು. ದಾನೇಶ್ವರಿಯೂ ಕಿರಣಕುಮಾರನೂ ಮೊಣಕಾಲು ನೀರಿನಲ್ಲಿ ರೊಟ್ಟಿ ಹಿಡಿಯಲು ಬಿದ್ದು ಎದ್ದು ಓಡಾಡಿದರು. ನೀಲಕ್ಕ ಸೊಂಟದವರೆಗೆ ತೊಯ್ದು, ಮೊಸರಿನ ಗಡಿಗೆಯನ್ನು ತಲೆಯ ಮೇಲೆತ್ತಿ ಹಿಡಿದು ಕೂತಲ್ಲೇ ಕೂತಿದ್ದಳು.

ಈಶಪ್ಪ ಒಂದೇ ಚಪ್ಪಲಿ ಹಿಡಿದು ಬಂದ. ಮಗಳ ಮದುವೆ ಮುಳುಗಿತು ಎಂದುಕೊಂಡ. "ತಪ್ಪಾತ್ರಿ ಅಕ್ಕಾರ. ನಾನೂ ಸಮುದ್ರ ನೋಡಿದ್ದು ಇವತ್ತ."

ನೀಲಕ್ಕನ ಭುಜಗಳು ಅಲುಗಿದವು. ಆಕೆ ನಗುತ್ತಿದ್ದಳು. ನಕ್ಕು ನಕ್ಕು ಗಡಿಗೆಯನ್ನು ಗುರುಸಿದ್ದವ್ವನ ಕೈಗೆ ಕೊಡಬೇಕಾಯಿತು.

"ಮೂರು ತಿಂಗಳಿಂದ ನನಗ ಅದ ಹೆದರಿಕಿ ಇತ್ರಿ. ಇವ್ರು ಭಾಳ ತಿಳದ ಮಂದಿ, ನಮ್ಮ ಹುಡುಗನ್ನ ದಡ್ಡ ಅಂತಾರೇನೋ ಅಂತ. ಈಗ ಧೈರ್ಯ ಬಂತು. ನಮ್ಮ ಹುಡುಗಗ ನಿಮ್ಮ ಮನಿ ಸರಿ ಐತಿ. ಮದಿವಿ ಮಾಡೂಣು."

ನೀರಿನಲ್ಲಿದ್ದ ದಾನೇಶ್ವರಿ ಕೈಯಲ್ಲಿದ್ದ ರೊಟ್ಟಿಯನ್ನು ಕೈಬಿಟ್ಟಳು. ಈಶಪ್ಪನ ಒದ್ದೆ ಎದೆ ಮತ್ತೆ ಉಬ್ಬಿತು.

"ಊಟದ ವ್ಯವಸ್ಥಾ ಎಲ್ಲಾ ನಂದ ಬಿಡ್ರಿ. ನಾನ ಮುಂದ ನಿಂತು ಮಾಡಸ್ತೇನಿ."

"ಮಾಡಸ್ರಿ," ಎಂದಳು ನೀಲಕ್ಕ, ಸೆರಗು ಹಿಂಡುತ್ತ. "ಪಂಕ್ತಿ ಎಲ್ಲಿ ಹಾಕೂದು ಅನ್ನೂದಷ್ಟು ನಾ ಹೇಳ್ತೇನಿ."