ವಾಮನನ ಫ್ರೆಂಚ್ ಬಾಟಲಿ

ವಾಮನ ಆ ಬಾಟಲಿಯ ಮುಂಭಾಗವನ್ನು ಮಾತ್ರ ನೋಡಿದ್ದೇ ತಪ್ಪಾಯಿತು. ಲೇಬಲ್ ಮೇಲೆ ಗೋಪುರಗಳಿದ್ದ ಮಹಲು, ಕೆಳಗೆ ಸುರುಳಿ ಸುರುಳಿ ಫ್ರೆಂಚ್ ಅಕ್ಷರ. ಆಫೀಸಿಗೆ ಮೊಬೈಲ್ ಟವರ್ ಸಾಮಾನು ಪೂರೈಸುವ ಚೀನಾದ ಲಿಯೂ ಕೊಟ್ಟ ಉಡುಗೊರೆ ಅದು. ವಾಮನನಿಗೆ ವೈನೂ ಒಂದೇ, ಕೆಮ್ಮಿನ ಔಷಧಿಯೂ ಒಂದೇ. ಆದರೂ ಬಾಸ್ ದ್ವಾರಕಾನಾಥರಿಗೆ ಫೋನ್ ಮಾಡಿ, "ಸರ್, ಒಳ್ಳೇ ಫ್ರೆಂಚ್ ವೈನ್ ಇದೆ, ಶನಿವಾರ ಊಟಕ್ಕೆ ಬನ್ನಿ" ಎಂದುಬಿಟ್ಟ. ನೈರೋಬಿಯ ಪೋಸ್ಟಿಂಗ್ ಇನ್ನೆರಡು ವರ್ಷ ಮುಂದುವರಿಯುವುದು ಅವರ ಕೈಯಲ್ಲಿತ್ತು. ಫ್ಯಾನೂ ಬೇಡದ, ರಗ್ಗೂ ಬೇಡದ ಈ ಊರು ಬಿಡಲು ಅವನಿಗೆ ಸುತರಾಂ ಇಷ್ಟವಿರಲಿಲ್ಲ.

ಶನಿವಾರ ಮಧ್ಯಾಹ್ನ, ಪಾರ್ಕ್‌ಲ್ಯಾಂಡ್ಸ್‌ನ ಅವನ ಮನೆಗೆ ಎದುರು ಫ್ಲಾಟಿನ ಲೆಕ್ಚರರ್ ಗೋಪಿನಾಥ್ ಕರಿಬೇವು ಕೇಳಲು ಬಂದವರು ಬಾಟಲಿಯನ್ನು ತಿರುಗಿಸಿ ನೋಡಿದರು.

"ಏನಯ್ಯಾ, ಇದು ಚೈನಾ ಮಾಲು!"

"ಸುಮ್ನಿರಿ ಸಾರ್, ಮಹಲು ನೋಡಿ."

"ಮಹಲೂ ಚೈನಾದ್ದೇ! ನಿಂಗ್ಶಿಯಾ, ಚೈನಾ ಅಂತ ಹಿಂದುಗಡೆ ಬರ್ದಿದಾನೆ." ಗೋಪಿನಾಥ್ ಫೋನಿನಲ್ಲಿ ಹುಡುಕಿ ಗಟ್ಟಿಯಾಗಿ ಹೇಳಿದರು. "ಫ್ರಾನ್ಸಿಂದ ಪೀಪಾಯಿ ತರಿಸಿ, ಅಲ್ಲಿಯವರ ಥರಾನೇ ಮಾಡ್ತಾರಂತೆ. ಚಳಿಗಾಲದಲ್ಲಿ ದ್ರಾಕ್ಷಿ ಬಳ್ಳೀನೆಲ್ಲ ಮಣ್ಣಲ್ಲಿ ಹೂತಿಡ್ತಾರಂತೆ ಕಣಯ್ಯಾ, ಇಲ್ದಿದ್ರೆ ಚಳಿಗೆ ಸತ್ತೇ ಹೋಗ್ತವಂತೆ!"

ವಾಮನ ಹಿಂದಿನ ಲೇಬಲ್ ಕೀಳಲು ಬಾಟಲಿಯನ್ನು ಬಿಸಿನೀರಿಗೆ ಹಾಕಿದ. ಮೊದಲು ಬಿಟ್ಟುಕೊಂಡದ್ದು ಮುಂಭಾಗದ ಮಹಲಿನ ಲೇಬಲ್. ಅದಕ್ಕೆ ಅನ್ನದ ಅಗುಳು ಮೆತ್ತಿ ಸೊಟ್ಟಗೆ ಅಂಟಿಸಿದ.

"ಕುಡಿಯೋದಿಲ್ಲ, ಗೊತ್ತೂ ಇಲ್ಲ. ಯಾಕ್ರೀ ಈ ಬುರುಡೆ?" ಎಂದಳು ಹೆಂಡತಿ ಶರ್ವಾಣಿ.

"ನನ್ನಂಥ ದಡ್ಡನಿಗೆ ಬುರುಡೆ ಬಿಡೋದು ಬಿಟ್ರೆ ಬೇರೆ ಏನು ಬರುತ್ತೆ ಹೇಳು."

ಸಂಜೆ ದ್ವಾರಕಾನಾಥರು ಬಂದರು. ಕರೆಯದಿದ್ದರೂ ಗೋಪಿನಾಥರೂ ಬಂದು ಬೋಂಡಾದ ತಟ್ಟೆಯ ಪಕ್ಕ ಕೂತರು. ವಾಮನ ಲೋಟಗಳಿಗೆ ಬಗ್ಗಿಸುತ್ತಾ ಫ್ರಾನ್ಸಿನ ಮಣ್ಣು, ಗಾಳಿ, ಬಿಸಿಲು ಎಲ್ಲವನ್ನೂ ತಾನೇ ಹೋಗಿ ಮುಟ್ಟಿ ಬಂದವನಂತೆ ಬಣ್ಣಿಸಿದ.

ಬಾಸ್ ಲೇಬಲ್ಲನ್ನೇ ನೋಡುತ್ತಿದ್ದರು. "ಏನ್ರೀ ವಾಮನ್, ಹೋದ ತಿಂಗಳು ಇದೇ ಮಹಲಿನ ಮುಂದೆ ಫೋಟೋ ತೆಗೆಸ್ಕೊಂಡಿದೀನಿ. ಚೈನಾದಲ್ಲಿ!"

ವಾಮನನ ಎದೆ ಕೆಳಗಿನ ರಸ್ತೆಯ ಮಟಾಟು ವ್ಯಾನಿನ ಹಾಡಿಗಿಂತ ಜೋರಾಗಿ ಬಡಿದುಕೊಂಡಿತು. "ಗೊತ್ತು ಸರ್! ನಿಮಗೆ ತಿಳಿಯುತ್ತಾ ಅಂತ ತಮಾಷೆಗೆ..." ಎಂದವನೇ ಪೀಪಾಯಿ, ಮಣ್ಣು, ಹೂತಿಟ್ಟ ಬಳ್ಳಿ, ಗೋಪಿನಾಥ್ ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದ.

ಬಾಸ್ ಮುಖ ಅರಳಿತು. "ಭೇಷ್! ಆ ಜಾಗದ ಬಗ್ಗೆ ಇಷ್ಟು ಆಸಕ್ತಿನಾ? ನಿಮಗೆ ಇನ್ನೆರಡು ವರ್ಷ ಗ್ಯಾರಂಟಿ ಕಣ್ರೀ!"

ವಾಮನ ಹೆಂಡತಿಯ ಕಡೆ ನೋಡಿ ಹುಬ್ಬು ಹಾರಿಸಿದ.

"ಲಿಯೂ ಕಂಪನಿ ಜೊತೆ ನಿಂಗ್ಶಿಯಾದಲ್ಲೇ ಹೊಸ ಪ್ರಾಜೆಕ್ಟ್," ಬಾಸ್ ಮುಂದುವರಿಸಿದರು. " ಯಾರನ್ನ ಕೇಳಿದ್ರೂ ಹೋಗಲ್ಲ ಅಂತಾರೆ. ನವೆಂಬರ್‌ಗೆ ಹೊರಡಿ."

ಗೋಪಿನಾಥ್ ಬೋಂಡಾ ಕೆಳಗಿಟ್ಟರು. "ಬಳ್ಳಿ ಹೂಳೋದೂ ಆವಾಗ್ಲೇ ಅಂತೆ."

ವಾಮನ ಜೀವಮಾನದಲ್ಲೇ ಮೊದಲ ಸಲ ಒಂದು ಲೋಟ ವೈನನ್ನು ಗಟಗಟ ಕುಡಿದ. ಹಾಳಾದ್ದು, ಚೆನ್ನಾಗಿಯೇ ಇತ್ತು.